ಪಾಲಾರ್ ಪ್ರಕರಣ: ಜೀವಾವಧಿ, ಆಮೇಲೆ ಗಲ್ಲು, ಮತ್ತೆ ಜೀವಾವಧಿ. ಭಯೋತ್ಪಾದನೆಗೆ ಯಾವ ಶಿಕ್ಷೆ ನಿಜಕ್ಕೂ ಜಾರಿಯಾಗುತ್ತದೆ?

ಬಿಳಿಗಿರಿ_ಓದು ಕೇಳಿದ್ದು:

ಪಾಲಾರ್ ನೆಲಬಾಂಬ್ ಪ್ರಕರಣದ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಗೊಂದಲವಾಗುತ್ತದೆ. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಇಟ್ಟ ಬಾಂಬಿಗೆ 22 ಜನ ಬಲಿಯಾದರು. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ (ಹಳೆಯ ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ನಾಲ್ವರಿಗೆ ಜೀವಾವಧಿ ವಿಧಿಸಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು, 2004ರ ಜನವರಿಯಲ್ಲಿ ಕೋರ್ಟ್ ಶಿಕ್ಷೆಯನ್ನು ಗಲ್ಲಿಗೆ ಹೆಚ್ಚಿಸಿತು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಕ್ಷಮಾದಾನ ನಿರಾಕರಿಸಿದರು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್ ಮತ್ತೆ ಜೀವಾವಧಿಗೆ ಇಳಿಸಿತು.

ಒಂದೇ ಅಪರಾಧ, ಅವೇ ಸಾಕ್ಷ್ಯಗಳು. ಶಿಕ್ಷೆ ಎರಡು ಸಲ ಬದಲಾಗಿದ್ದು ಹೇಗೆ? ಜೀವಾವಧಿ ಅಂದರೆ 14 ವರ್ಷ ಎಂಬ ಮಾತು ನಿಜವಾದರೆ, ಉಗ್ರರಿಗೆ ಜೀವಾವಧಿ ಕೊಡುವುದು ಅವರನ್ನು ಹೊರಗೆ ಬಿಡುವುದಕ್ಕೆ ಸಮ ಅಲ್ಲವೇ? ಗಲ್ಲಿನ ಪರವೋ ವಿರುದ್ಧವೋ, ಯಾವುದಾದರೂ ಸರಿ. ಸೆಕ್ಷನ್, ತಾರೀಖು ಹಿಡಿದು ಹೇಳುವವರು ಬೇಕು. ಟಿವಿ ಚರ್ಚೆಯ ಧಾಟಿ ಬೇಡ.

---

ಮೂರನೇ_ಬೆಂಚು:

ಮೊದಲು ಪಾಲಾರ್ ಬಗ್ಗೆ. ಟಾಡಾ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ವಿಶೇಷ ನ್ಯಾಯಾಲಯದ ತೀರ್ಪಿನ ಮೇಲೆ ನೇರವಾಗಿ ಸುಪ್ರೀಂ ಕೋರ್ಟಿಗೇ ಮೇಲ್ಮನವಿ. ಕರ್ನಾಟಕ ಹೈಕೋರ್ಟ್ ನಡುವೆ ಬರುವಂತೆಯೇ ಇರಲಿಲ್ಲ. ಸಾಮಾನ್ಯ ಕೊಲೆ ಆರೋಪಿಗೆ ಸಿಗುವ ಒಂದು ಹಂತ ಇವರಿಗೆ ಸಿಗಲಿಲ್ಲ. ಇದರ ಪರಿಣಾಮ ವಿಚಿತ್ರ: ಗಲ್ಲು ಶಿಕ್ಷೆಯನ್ನು ಮೊತ್ತಮೊದಲು ವಿಧಿಸಿದ್ದೇ ದೇಶದ ಕೊನೆಯ ನ್ಯಾಯಾಲಯ. ಅದರ ಮೇಲೆ ಅದೇ ಕೋರ್ಟಿಗೆ ಹಾಕುವ ರಿವ್ಯೂ (ಮರುಪರಿಶೀಲನೆ), ಕ್ಯುರೇಟಿವ್ ಅರ್ಜಿ ಬಿಟ್ಟರೆ ಉಳಿಯುವುದು ಕ್ಷಮಾದಾನ ಮಾತ್ರ.

ಆ ಕ್ಷಮಾದಾನದ ಅರ್ಜಿ 2004ರ ಫೆಬ್ರವರಿಯಲ್ಲೇ ಹೋಯಿತು. ಉತ್ತರ ಬಂದದ್ದು ಒಂಬತ್ತು ವರ್ಷದ ಮೇಲೆ. 2014ರಲ್ಲಿ ಕೋರ್ಟ್ ಶಿಕ್ಷೆ ಇಳಿಸಿದ್ದು ಅಪರಾಧ ಸಣ್ಣದೆಂದೋ ಸಾಕ್ಷ್ಯ ದುರ್ಬಲವೆಂದೋ ಅಲ್ಲ, ಆ ಒಂಬತ್ತು ವರ್ಷಕ್ಕೆ ಸರ್ಕಾರದ ಬಳಿ ಸಮಜಾಯಿಷಿ ಇಲ್ಲವೆಂದು. ಇದೇ ಶತ್ರುಘ್ನ ಚೌಹಾಣ್ ತೀರ್ಪು. ಒಂದೇ ದಿನ 15 ಜನರ ಗಲ್ಲು ಇಳಿಯಿತು, ಅದರಲ್ಲಿ ನಾಲ್ವರು ಪಾಲಾರ್‌ನವರು.

ಇದಕ್ಕೂ ಒಂಬತ್ತು ತಿಂಗಳ ಹಿಂದೆ, 2013ರ ಏಪ್ರಿಲ್‌ನಲ್ಲಿ, ಭುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ತದ್ವಿರುದ್ಧ ಹೇಳಿತ್ತು: ಭಯೋತ್ಪಾದನೆ ಪ್ರಕರಣಗಳಲ್ಲಿ ವಿಳಂಬ ಕಾರಣವಾಗದು ಎಂದು. ಆ ಮಾತೇ ನಿಂತಿದ್ದರೆ ನಾಲ್ವರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣಿಗೇರುತ್ತಿದ್ದರು. 2014ರ ತೀರ್ಪು ಅದನ್ನು ಬದಿಗೆ ಸರಿಸಿ, ಯಾವ ಕಾಯ್ದೆಯಡಿ ಶಿಕ್ಷೆಯಾಗಿದೆ ಎಂಬುದು ವಿಳಂಬದ ಲೆಕ್ಕಕ್ಕೆ ಸಂಬಂಧವಿಲ್ಲ ಎಂದಿತು. ಕ್ಷಮಾದಾನ ತಿರಸ್ಕಾರವಾದ ಸುದ್ದಿ ಕೈದಿಗೆ ಮುಟ್ಟಿದ ಮೇಲೆ ನೇಣಿಗೆ ಕನಿಷ್ಠ 14 ದಿನದ ಅಂತರ ಇರಬೇಕೆಂಬ ನಿಯಮವೂ ಇಲ್ಲಿಂದಲೇ. ಅದರ ಹಿಂದಿನ ವರ್ಷ ಸಂಸತ್ ದಾಳಿಯ ಅಪರಾಧಿ ಅಫ್ಜಲ್ ಗುರು ವಿಷಯದಲ್ಲಿ ಆದದ್ದು ಎಲ್ಲರಿಗೂ ಗೊತ್ತು: ಫೆಬ್ರವರಿ 9ಕ್ಕೆ ತಿಹಾರ್‌ನಲ್ಲಿ ನೇಣು, ಸ್ಪೀಡ್ ಪೋಸ್ಟ್ ಪತ್ರ ಮನೆಗೆ ತಲುಪಿದ್ದು ಆಮೇಲೆ.

---

ಸೆಷನ್ಸ್_ಸಾಲು:

'14 ವರ್ಷ' ಎಂಬುದನ್ನು ಒಮ್ಮೆ ಸರಿಯಾಗಿ ಬಿಡಿಸಿಕೊಳ್ಳೋಣ, ಪ್ರತಿ ಚರ್ಚೆಯೂ ಇಲ್ಲೇ ದಾರಿ ತಪ್ಪುತ್ತದೆ.

ಜೀವಾವಧಿ ಎಂದರೆ ಕಾನೂನಿನಲ್ಲಿ ಬದುಕಿರುವಷ್ಟು ಕಾಲ. 1961ರ ಗೋಪಾಲ ಗೋಡ್ಸೆ ತೀರ್ಪಿನಿಂದ ಇದು ಬದಲಾಗಿಲ್ಲ. 14 ಎಂಬ ಅಂಕಿ ಬಂದದ್ದು ಹಳೆಯ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 433ಎ ಇಂದ, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 475. ಅದು ಹೇಳುವುದು ಇಷ್ಟೇ: ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ 14 ವರ್ಷ ಪೂರ್ತಿ ಒಳಗೆ ಕಳೆಯುವ ಮೊದಲು ಸರ್ಕಾರ ಬಿಡುಗಡೆ ಮಾಡುವಂತಿಲ್ಲ. ಅಂದರೆ 14 ಕನಿಷ್ಠ ಮಿತಿ. ಅಷ್ಟಾದ ಮೇಲೆ ಅರ್ಜಿ ಹಾಕಬಹುದು, ಬಿಡುಗಡೆಯ ಹಕ್ಕು ಹುಟ್ಟುವುದಿಲ್ಲ. ಸನ್ನಡತೆಯ ಆಧಾರದ ಮೇಲೆ ಸ್ವಾತಂತ್ರ್ಯ ದಿನಕ್ಕೋ ಗಣರಾಜ್ಯೋತ್ಸವಕ್ಕೋ ಬಿಡುಗಡೆಯಾಗುವವರ ಫೋಟೊ ನೋಡಿ ಎಲ್ಲರೂ ಹಾಗೆ ಬರುತ್ತಾರೆ ಅಂದುಕೊಳ್ಳುತ್ತೇವೆ. ಸಿಬಿಐ, ಎನ್‌ಐಎ ತನಿಖೆ ಮಾಡಿದ ಪ್ರಕರಣಗಳಲ್ಲಿ ರಾಜ್ಯ ಸರ್ಕಾರ ಒಂಟಿಯಾಗಿ ತೀರ್ಮಾನಿಸುವಂತಿಲ್ಲ, ಕೇಂದ್ರ ಒಪ್ಪಲೇಬೇಕು. ಕಾಯ್ದೆಯಲ್ಲಿ ಬರೆದಿರುವುದು 'ಸಮಾಲೋಚನೆ' ಅಂತ. ಅದು ಸಮ್ಮತಿ ಎಂದೇ ಓದಬೇಕೆಂದು 2015ರ ಶ್ರೀಹರನ್ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದೆ.

ಇನ್ನು ಮೂರನೇ ಶಿಕ್ಷೆಯೊಂದಿದೆ, ಅದರ ಹುಟ್ಟೂರು ಬೆಂಗಳೂರು. ಸ್ವಾಮಿ ಶ್ರದ್ಧಾನಂದ ಪ್ರಕರಣ, 1991ರ ಕೊಲೆ. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧ ಸಾಬೀತು ಎನ್ನುವುದರಲ್ಲಿ ಒಂದಾದರೂ ಶಿಕ್ಷೆಯಲ್ಲಿ ಇಬ್ಭಾಗವಾದರು, ಒಬ್ಬರದು ಗಲ್ಲು, ಇನ್ನೊಬ್ಬರದು ಜೀವಾವಧಿ. 2008ರ ಜುಲೈಯಲ್ಲಿ ಮೂವರ ಪೀಠ ನಡುದಾರಿ ತೆಗೆಯಿತು: ಗಲ್ಲು ಬೇಡ, ಆದರೆ ಉಸಿರಿರುವವರೆಗೂ ಬಿಡುಗಡೆ ಇಲ್ಲ. 14 ವರ್ಷ ಕಡಿಮೆಯೆನಿಸಿ, ಗಲ್ಲು ಹೆಚ್ಚೆನಿಸುವ ಪ್ರಕರಣಗಳಿಗೆ ಇದು. ಶ್ರೀಹರನ್ ತೀರ್ಪು ಇದನ್ನು 3:2 ಬಹುಮತದಲ್ಲಿ ಎತ್ತಿಹಿಡಿಯಿತು. 20, 25, 30 ವರ್ಷ ಮಾಫಿ (ಸರ್ಕಾರ ಮಾಡುವ ಶಿಕ್ಷೆ ಕಡಿತ) ಇಲ್ಲದೆ ಎಂದಾದರೂ ಬರೆಯಬಹುದು, ಸಾಯುವವರೆಗೆ ಎಂದಾದರೂ ಬರೆಯಬಹುದು.

ಇಲ್ಲಿ ಎಡವುವ ಜಾಗ ಎರಡು. ಒಂದು, ಈ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ. ಕೊಲೆಯಂಥ ಅಪರಾಧಕ್ಕೆ ಸೆಷನ್ಸ್ ಅಥವಾ ವಿಶೇಷ ನ್ಯಾಯಾಲಯ 'ಮಾಫಿಯಿಲ್ಲದೆ ಕೊನೆಯುಸಿರಿನವರೆಗೆ' ಎಂದು ಬರೆದರೆ ಮೇಲ್ಮನವಿಯಲ್ಲಿ ಮೊದಲು ಬೀಳುವುದು ಆ ಸಾಲೇ. ಎರಡು, ಇದು ಕಟ್ಟಿಹಾಕುವುದು ಕಾಯ್ದೆಯಡಿಯ ಮಾಫಿಯನ್ನು ಮಾತ್ರ. ಸಂವಿಧಾನದ 72 ಮತ್ತು 161ನೇ ವಿಧಿಯಡಿ ರಾಷ್ಟ್ರಪತಿ, ರಾಜ್ಯಪಾಲರಿಗಿರುವ ಅಧಿಕಾರ ಹಾಗೇ ಉಳಿದಿದೆ.

---

ಗಡಿಕಾವಲು:

ಪುಸ್ತಕದ ಲೆಕ್ಕ ಸರಿ, ನೆಲದ ಲೆಕ್ಕ ಬೇರೆ. ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳಿಗೂ 'ಸಾಯುವವರೆಗೆ' ಅಂತಲೇ ಅಂದುಕೊಂಡಿದ್ದೆವು. 2022ರ ಮೇ 18ಕ್ಕೆ ಪೇರರಿವಾಳನ್, ನವೆಂಬರ್ 11ಕ್ಕೆ ಉಳಿದ ಆರು ಜನ, ಎಲ್ಲರೂ ಹೊರಗೆ. ಹಾಗಾಗಿ 'ಜೀವಾವಧಿ ಕೊಟ್ಟರೆ ಸಾಕು' ಅನ್ನುವವರು ಮುಂದಿನ ಮೂವತ್ತು ವರ್ಷ ಬರುವ ಪ್ರತಿ ಸರ್ಕಾರದ ಮೇಲೂ ನಂಬಿಕೆ ಇಡಬೇಕಾಗುತ್ತದೆ.

ಎರಡನೆಯದು, ಜೈಲಿನೊಳಗಿನ ಅಪಾಯ. ಕೇರಳದ ಪ್ರಕರಣಗಳಲ್ಲಿ ಜೀವಾವಧಿ ಶಿಕ್ಷೆಯಾದ ಒಬ್ಬ, 2008ರ ಬೆಂಗಳೂರು ಸರಣಿ ಸ್ಫೋಟದ ವಿಚಾರಣೆಗೆಂದು ಪರಪ್ಪನ ಅಗ್ರಹಾರದಲ್ಲಿದ್ದಾಗ ಬೇರೆ ಕೈದಿಗಳ ತಲೆ ಕೆಡಿಸಿದ ಅನ್ನುವುದು ಎನ್‌ಐಎ ಆರೋಪ. 2023ರ ಜುಲೈಯಲ್ಲಿ ಬೆಂಗಳೂರು ಪೊಲೀಸರ ಸಿಸಿಬಿ ಪಿಸ್ತೂಲುಗಳ ಸಮೇತ ಹಿಡಿದ ಯುವಕರ ಕೊಂಡಿ ಅಲ್ಲಿಗೇ ಹೋಗುತ್ತದೆ ಎಂದು ತನಿಖೆ ಹೇಳುತ್ತದೆ. ಕಳ್ಳತನದ ಕೇಸಿನಲ್ಲಿ ಬಂದವನೂ ಬಾಂಬಿನ ಕೇಸಿನವನೂ ಒಂದೇ ಬ್ಯಾರಕ್‌ನಲ್ಲಿದ್ದರೆ ಇನ್ನೇನಾಗುತ್ತದೆ?

ಮೂರನೆಯದು, ಕಾನೂನು ಆಯೋಗದ 262ನೇ ವರದಿ, 2015ರ ಆಗಸ್ಟ್. ಗಲ್ಲು ತೆಗೆಯಿರಿ ಎಂದ ನ್ಯಾಯಮೂರ್ತಿ ಎ.ಪಿ. ಶಾ ಅವರ ಆಯೋಗವೂ ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಎಂದೇ ಬರೆಯಿತು. ಕಸಬ್ ವಿಷಯದಲ್ಲಿ ವ್ಯವಸ್ಥೆ ಕೆಲಸ ಮಾಡಿದ್ದನ್ನೂ ನೋಡಿದ್ದೇವೆ: 2008ರ ನವೆಂಬರ್ 26ರ ದಾಳಿ, 2010ರ ಮೇ 6ಕ್ಕೆ ಗಲ್ಲು ಶಿಕ್ಷೆ, 2011ರ ಫೆಬ್ರವರಿಗೆ ಹೈಕೋರ್ಟ್, 2012ರ ಆಗಸ್ಟ್ 29ಕ್ಕೆ ಸುಪ್ರೀಂ ಕೋರ್ಟ್, ನವೆಂಬರ್ 21ಕ್ಕೆ ಯೆರವಾಡದಲ್ಲಿ ನೇಣು. ನಾಲ್ಕು ವರ್ಷಕ್ಕೆ ಐದು ದಿನ ಕಡಿಮೆ. ಮನಸ್ಸಿದ್ದರೆ ಆಗುತ್ತದೆ.

---

ಮಹಜರು_ಪುಟ:

ಕಸಬ್ ಕೈಯಲ್ಲಿ ಬಂದೂಕು ಹಿಡಿದ ಫೋಟೊ ಇತ್ತು, ಜೀವಂತ ಸಿಕ್ಕಿಬಿದ್ದಿದ್ದ, ಕಣ್ಣಾರೆ ಕಂಡವರು ನೂರಾರು ಜನ. ಭಯೋತ್ಪಾದನೆ ಪ್ರಕರಣಗಳಲ್ಲಿ ಅದೇ ಅಪವಾದ. ಬಾಂಬ್ ಇಟ್ಟವನು ಸ್ಫೋಟದ ಹೊತ್ತಿಗೆ ಅಲ್ಲಿರುವುದಿಲ್ಲ. ಪ್ರಕರಣ ನಿಲ್ಲುವುದು ತಪ್ಪೊಪ್ಪಿಗೆ, ಗುರುತು ಪರೇಡ್, ಫೋನ್ ದಾಖಲೆ, ವಶಪಡಿಸಿಕೊಂಡ ವಸ್ತುಗಳ ಮೇಲೆ. ಕೆಡುವುದೂ ಅವೇ ನಾಲ್ಕು ಜಾಗದಲ್ಲಿ.

ಗುಜರಾತಿನ ಅಕ್ಷರಧಾಮ ದೇವಾಲಯದ ಪ್ರಕರಣ ನೋಡಿ. 2002ರ ಸೆಪ್ಟೆಂಬರ್ ದಾಳಿ, 2006ರಲ್ಲಿ ಪೋಟಾ (ಟಾಡಾ ನಂತರದ ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯದಿಂದ ಮೂವರಿಗೆ ಗಲ್ಲು, 2010ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಖಾಯಂ ಮಾಡಿತು. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಶಿಕ್ಷೆಯಾಗಿದ್ದ ಆರೂ ಜನರನ್ನು ಖುಲಾಸೆ ಮಾಡಿತು. ಕಾರಣಗಳನ್ನು ಓದಬೇಕು. ಮೊಕದ್ದಮೆಗೆ ಕೊಟ್ಟ ಪೂರ್ವಾನುಮತಿಯಲ್ಲಿ ವಿವೇಚನೆ ಬಳಸಿದ ಗುರುತೇ ಇರಲಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗಳು ನಿಲ್ಲಲಿಲ್ಲ. ಸತ್ತ ಉಗ್ರರ ಜೇಬಿನಲ್ಲಿ ಸಿಕ್ಕವು ಎಂದ ಉರ್ದು ಪತ್ರಗಳು, ಮೈಯೆಲ್ಲ ಗುಂಡೇಟಾಗಿದ್ದರೂ, ರಕ್ತದ ಕಲೆಯಿಲ್ಲದೆ ಹಾಗೇ ಇದ್ದವು. ಮಹಜರಿನಲ್ಲಿ ಇಂಥದ್ದೊಂದು ಕಂಡರೆ ಇಡೀ ವಶಪಡಿಕೆಯೇ ಅನುಮಾನಕ್ಕೆ ಬೀಳುತ್ತದೆ.

ಪುಣೆಯ ಜರ್ಮನ್ ಬೇಕರಿ, 2010: ಒಬ್ಬನಿಗೆ 2013ರಲ್ಲಿ ಗಲ್ಲು, 2016ರಲ್ಲಿ ಬಾಂಬೆ ಹೈಕೋರ್ಟ್ ಸ್ಫೋಟದ ಆರೋಪಗಳಿಂದ ಬಿಡುಗಡೆ ಮಾಡಿ ಸ್ಫೋಟಕ ಇಟ್ಟುಕೊಂಡದ್ದಕ್ಕೆ ಶಿಕ್ಷೆ ಉಳಿಸಿತು. ಮುಂಬೈ ರೈಲು ಸ್ಫೋಟ, 2006: ವಿಶೇಷ ನ್ಯಾಯಾಲಯ 2015ರಲ್ಲಿ ಐವರಿಗೆ ಗಲ್ಲು, ಏಳು ಜನರಿಗೆ ಜೀವಾವಧಿ ಕೊಟ್ಟಿತ್ತು. 2025ರ ಜುಲೈ 21ರಂದು ಹೈಕೋರ್ಟ್ ಹನ್ನೆರಡೂ ಜನರನ್ನು ಖುಲಾಸೆ ಮಾಡಿತು. ಬೇರೆ ಬೇರೆ ಆರೋಪಿಗಳ ತಪ್ಪೊಪ್ಪಿಗೆಯಲ್ಲಿ ಒಂದೇ ರೀತಿಯ ವಾಕ್ಯಗಳು, ಅಧಿಕಾರವಿಲ್ಲದವರು ನಡೆಸಿದ ಗುರುತು ಪರೇಡ್, ಯಾವ ಬಗೆಯ ಬಾಂಬ್ ಎಂಬುದೇ ರುಜುವಾತಾಗದಿರುವುದು ಹೈಕೋರ್ಟಿನ ಆಕ್ಷೇಪಗಳು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಮಾದರಿಯಾಗಿ ಬಳಸದಂತೆ ತಡೆ ಕೊಟ್ಟಿತು, ಬಿಡುಗಡೆಯಾದವರನ್ನು ಮತ್ತೆ ಒಳಗೆ ಕಳಿಸಲಿಲ್ಲ. ಐವರಲ್ಲಿ ಒಬ್ಬ 2021ರಲ್ಲಿ ಜೈಲಿನಲ್ಲೇ ಸತ್ತಿದ್ದ, ಅವನ ಖುಲಾಸೆ ಬಂದದ್ದು ಸತ್ತ ನಾಲ್ಕು ವರ್ಷಕ್ಕೆ.

ನನಗೆ ಇವೆಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಸಂಸತ್ ದಾಳಿಯ ತೀರ್ಪು. 2005ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಅಫ್ಜಲ್‌ನ ತಪ್ಪೊಪ್ಪಿಗೆಯನ್ನು ಕೈಬಿಟ್ಟು, ಸಾಂದರ್ಭಿಕ ಸಾಕ್ಷ್ಯದ ಮೇಲೆ ಗಲ್ಲು ಉಳಿಸಿತು. ಅದರಲ್ಲಿ ಫೋನ್ ಕರೆಗಳ ದಾಖಲೆಯೂ ಇತ್ತು. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಇಲ್ಲದಿದ್ದರೂ ಅಂಥ ದಾಖಲೆ ನಡೆಯುತ್ತದೆ ಎಂದಿತು. 2013ರ ಫೆಬ್ರವರಿಯಲ್ಲಿ ನೇಣಾಯಿತು. 2014ರ ಸೆಪ್ಟೆಂಬರಿನಲ್ಲಿ ಅನ್ವರ್ ತೀರ್ಪು ಬಂದು, 65ಬಿ ಬಗ್ಗೆ 2005ರಲ್ಲಿ ಹೇಳಿದ್ದು ಸರಿಯಾದ ಕಾನೂನಲ್ಲ ಎಂದಿತು. ಇದರಿಂದ ಅವನು ನಿರಪರಾಧಿ ಎಂದಾಗುವುದಿಲ್ಲ, ಬೇರೆ ಸಾಕ್ಷ್ಯಗಳೂ ಇದ್ದವು. ಆದರೆ ಜೀವಾವಧಿಯಲ್ಲಿದ್ದಿದ್ದರೆ ಆ ಅಂಶವನ್ನು ಎತ್ತಲು ಅವಕಾಶವಾದರೂ ಇರುತ್ತಿತ್ತು.

ಗಡಿಕಾವಲು ಎತ್ತಿದ ರಾಜೀವ್ ಪ್ರಕರಣಕ್ಕೊಂದು ಮಾತು. 1998ರಲ್ಲಿ ವಿಚಾರಣಾ ನ್ಯಾಯಾಲಯ 26 ಜನರಿಗೂ ಗಲ್ಲು ವಿಧಿಸಿತ್ತು. 1999ರ ಮೇ 11ಕ್ಕೆ ಸುಪ್ರೀಂ ಕೋರ್ಟ್ 19 ಜನರನ್ನು ಬಿಡುಗಡೆ ಮಾಡಿತು, ಮೂವರಿಗೆ ಜೀವಾವಧಿ, ನಾಲ್ವರಿಗೆ ಮಾತ್ರ ಗಲ್ಲು. ಟಾಡಾ ಆರೋಪಗಳನ್ನೇ ಕೈಬಿಟ್ಟಿತು. ಕಾನೂನಿನ ಕಣ್ಣಿಗೆ ಅದು ಕೊಲೆ ಪ್ರಕರಣವಾಗಿ ಉಳಿದದ್ದರಿಂದಲೇ ತಮಿಳುನಾಡು ಸಂಪುಟದ 2018ರ ಶಿಫಾರಸಿಗೆ ತೂಕ ಬಂತು, ರಾಜ್ಯಪಾಲರು ಅದರ ಮೇಲೆ ಕೂತಿದ್ದೇ ಬಿಡುಗಡೆಗೆ ದಾರಿಯಾಯಿತು. ಈಗಿನ ಭಯೋತ್ಪಾದನೆ ತಡೆ ಕಾಯ್ದೆಯಾದ ಯುಎಪಿಎ ಅಡಿ ಶಿಕ್ಷೆಯಾದವನಿಗೆ ಆ ದಾರಿ ಅಷ್ಟು ಸುಲಭವಲ್ಲ.

---

ಗಡಿಕಾವಲು:

65ಬಿ ವಿಷಯ ಒಪ್ಪುತ್ತೇನೆ. ಆದರೆ ಮೇಲಿನ ಕೋರ್ಟಿನಲ್ಲಿ ಬಿದ್ದುಹೋದ ಪ್ರಕರಣಗಳು ವ್ಯವಸ್ಥೆ ತನ್ನನ್ನು ತಾನೇ ತಿದ್ದಿಕೊಂಡದ್ದಕ್ಕೆ ಸಾಕ್ಷಿ ಅಂತಲೂ ಓದಬಹುದು. ಗಲ್ಲಿಗೆ ಮೊದಲು ಅಷ್ಟು ಜರಡಿ ಇರುವುದು ಅದಕ್ಕೇ ತಾನೆ.

---

ಮಹಜರು_ಪುಟ:

ಅಕ್ಷರಧಾಮದಲ್ಲಿ ಎರಡು ಜರಡಿ ದಾಟಿ ಬಂದಿತ್ತು. ಮೂರನೆಯದರಲ್ಲಿ ಸಿಕ್ಕಿತು. ಪಾಲಾರ್‌ನವರಿಗೆ ಇದ್ದದ್ದೇ ಎರಡು.

---

ಬಿಳಿಗಿರಿ_ಓದು:

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂದೇಹ. 2024ರ ಜುಲೈ 1ರ ನಂತರದ ಹೊಸ ಕಾನೂನಿನಲ್ಲಿ ಉಗ್ರನೊಬ್ಬನಿಗೆ ಗಲ್ಲು ವಿಧಿಸಿದರೆ ಹಂತಗಳು ಹೇಗೆ? ಬಲಿಯಾದವರ ಮನೆಯವರು 'ಜೀವಾವಧಿ ಸಾಲದು, ಗಲ್ಲು ಕೊಡಿ' ಎಂದು ಮೇಲ್ಮನವಿ ಹಾಕಬಹುದೇ?

---

ಸೆಷನ್ಸ್_ಸಾಲು:

ಎರಡನೆಯದಕ್ಕೆ ಮೊದಲು: ಇಲ್ಲ. ಖುಲಾಸೆಯಾದರೆ, ಸಣ್ಣ ಅಪರಾಧಕ್ಕೆ ಇಳಿಸಿದರೆ ಅಥವಾ ಪರಿಹಾರ ಕಡಿಮೆಯಾದರೆ ಸಂತ್ರಸ್ತರು ಮೇಲ್ಮನವಿ ಹಾಕಬಹುದು. ಶಿಕ್ಷೆಯ ಪ್ರಮಾಣ ಹೆಚ್ಚಿಸಲು ಸರ್ಕಾರವೇ ಹೋಗಬೇಕು. ಕಾಶ್ಮೀರದ ಪ್ರತ್ಯೇಕತಾವಾದಿ ಯಾಸಿನ್ ಮಲಿಕ್‌ಗೆ 2022ರ ಮೇ 25ರಂದು ದೆಹಲಿಯ ಎನ್‌ಐಎ ನ್ಯಾಯಾಲಯ ಜೀವಾವಧಿ ಕೊಟ್ಟಾಗ, ಗಲ್ಲು ಕೋರಿ 2023ರಲ್ಲಿ ಹೈಕೋರ್ಟಿಗೆ ಹೋದದ್ದು ಎನ್‌ಐಎ.

ಹಂತಗಳು ಹೀಗೆ. ಯುಎಪಿಎ ಸೆಕ್ಷನ್ 16 ಮತ್ತು ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಸಂಹಿತೆ) ಸೆಕ್ಷನ್ 113, ಎರಡರಲ್ಲೂ ಸಾವು ಸಂಭವಿಸಿದ್ದರೆ ಗಲ್ಲು ಅಥವಾ ಜೀವಾವಧಿ, ಜತೆಗೆ ದಂಡ. ಸಾವಿಲ್ಲದಿದ್ದರೆ ಗಲ್ಲಿನ ಪ್ರಶ್ನೆಯೇ ಇಲ್ಲ, ಐದು ವರ್ಷದಿಂದ ಜೀವಾವಧಿಯವರೆಗೆ. ಯುಎಪಿಎ ಆದರೆ ವಿಚಾರಣೆಗೆ ಮೊದಲೇ ಸೆಕ್ಷನ್ 45ರ ಪೂರ್ವಾನುಮತಿ ಬೇಕು: ಸ್ವತಂತ್ರ ಪ್ರಾಧಿಕಾರ ಏಳು ಕೆಲಸದ ದಿನದಲ್ಲಿ ಶಿಫಾರಸು, ಸರ್ಕಾರ ಮತ್ತೇಳು ಕೆಲಸದ ದಿನದಲ್ಲಿ ಆದೇಶ. ಈ ತಾರೀಖುಗಳನ್ನು ಪ್ರತಿವಾದಿ ವಕೀಲರು ಮೊದಲು ನೋಡುತ್ತಾರೆ.

ತಪ್ಪಿತಸ್ಥನೆಂದು ತೀರ್ಪಾದ ಮೇಲೆ ಶಿಕ್ಷೆಯ ಬಗ್ಗೆ ಪ್ರತ್ಯೇಕ ವಾದ. ಹಿಂದೆ ಇದು ಅದೇ ಮಧ್ಯಾಹ್ನ ಮುಗಿಯುತ್ತಿತ್ತು. 2022ರ ಮನೋಜ್ ತೀರ್ಪಿನ ಮೇಲೆ ಕೈದಿಯ ಮಾನಸಿಕ ಸ್ಥಿತಿ, ಕೌಟುಂಬಿಕ ಹಿನ್ನೆಲೆ, ಜೈಲಿನ ನಡತೆಯ ವರದಿ ತರಿಸಿಕೊಳ್ಳಬೇಕು. ತರಿಸದಿದ್ದರೆ ಮೇಲಿನ ಕೋರ್ಟಿನಲ್ಲಿ ಗಲ್ಲು ಅಲುಗಾಡುತ್ತದೆ. ಆಮೇಲೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಖಾಯಂ ಮಾಡಬೇಕು, ಆರೋಪಿ ಮೇಲ್ಮನವಿ ಹಾಕಲಿ ಬಿಡಲಿ. ಸುಪ್ರೀಂ ಕೋರ್ಟಿನಲ್ಲಿ ಮೂವರ ಪೀಠ. ರಿವ್ಯೂ ಅರ್ಜಿಯೂ ತೆರೆದ ನ್ಯಾಯಾಲಯದಲ್ಲೇ ನಡೆಯಬೇಕು. ಈ ನಿಯಮ ಬಂದದ್ದು ಕೆಂಪುಕೋಟೆ ದಾಳಿಯ ಅಪರಾಧಿ ಆರಿಫ್ ಹಾಕಿದ ಅರ್ಜಿಯಿಂದ, 2014ರಲ್ಲಿ. ಅವನ ಸ್ವಂತ ರಿವ್ಯೂ 2022ರ ನವೆಂಬರಿನಲ್ಲಿ ವಜಾ, ಕ್ಷಮಾದಾನ 2024ರಲ್ಲಿ ತಿರಸ್ಕಾರ. ದಾಳಿ ನಡೆದದ್ದು 2000ದ ಡಿಸೆಂಬರ್ 22ಕ್ಕೆ!

ಹೊಸದು ಏನೆಂದರೆ ಬಿಎನ್‌ಎಸ್‌ಎಸ್ 472. ಜೈಲು ಅಧೀಕ್ಷಕರು ಅಂತಿಮ ತೀರ್ಪನ್ನು ತಿಳಿಸಿದ 30 ದಿನದಲ್ಲಿ ಕ್ಷಮಾದಾನ ಅರ್ಜಿ ಹಾಕಬೇಕು. ರಾಜ್ಯಪಾಲರು ತಿರಸ್ಕರಿಸಿದರೆ 60 ದಿನದೊಳಗೆ ರಾಷ್ಟ್ರಪತಿಗೆ. ಕೇಂದ್ರ 60 ದಿನದಲ್ಲಿ ಶಿಫಾರಸು ಮಾಡಬೇಕು, ರಾಷ್ಟ್ರಪತಿಯ ತೀರ್ಮಾನ 48 ಗಂಟೆಯಲ್ಲಿ ರಾಜ್ಯಕ್ಕೂ ಜೈಲಿಗೂ ತಲುಪಬೇಕು. ಆದರೆ ರಾಷ್ಟ್ರಪತಿ ಇಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಎಲ್ಲೂ ಇಲ್ಲ. ಪಾಲಾರ್‌ನವರ ಒಂಬತ್ತು ವರ್ಷ ಕಳೆದದ್ದೇ ಅಲ್ಲಿ. ಕೈದಿಗೆ ಗಡುವು ಹಾಕಿ, ಕಡತ ಕೊಳೆತ ಜಾಗವನ್ನು ಹಾಗೇ ಬಿಟ್ಟಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ಆ ತೀರ್ಮಾನವನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದೂ ಬರೆದಿದ್ದಾರೆ. ವಿಳಂಬವನ್ನು ಪ್ರಶ್ನಿಸುವ ಹಕ್ಕು ಬಂದದ್ದು ಸಂವಿಧಾನದ 21 ಮತ್ತು 32ನೇ ವಿಧಿಯಿಂದ, ಕಾಯ್ದೆಯ ಒಂದು ಉಪಕಲಂ ಅದನ್ನು ಮುಚ್ಚಲಾರದು.

---

ಮೂರನೇ_ಬೆಂಚು:

ಇದಕ್ಕೆ ಜೈಲಿನ ಕಡೆಯ ಒಂದಂಶ ಸೇರಿಸಬೇಕು. ಕ್ಷಮಾದಾನ ತಿರಸ್ಕಾರವಾಗುವವರೆಗೆ ಗಲ್ಲಿನ ಕೈದಿಯನ್ನು ಒಂಟಿ ಕೋಣೆಯಲ್ಲಿಡುವಂತಿಲ್ಲ, 1978ರ ಸುನಿಲ್ ಬಾತ್ರಾ ತೀರ್ಪಿನಿಂದಲೂ ಇದೇ ಕಾನೂನು. ಬೆಳಗಾವಿಯಲ್ಲಿ ಅತ್ಯಾಚಾರ, ಕೊಲೆಯ ಅಪರಾಧಿ ಬಿ.ಎ. ಉಮೇಶ್‌ನನ್ನು ವರ್ಷಗಟ್ಟಲೆ ಒಂಟಿಯಾಗಿಟ್ಟರು. ಅದೇ ಕಾರಣಕ್ಕೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಅದು ಭಯೋತ್ಪಾದನೆ ಪ್ರಕರಣವಲ್ಲ, ನಿಯಮ ಮಾತ್ರ ಎಲ್ಲರಿಗೂ ಒಂದೇ. ಉಗ್ರ ಎಂಬ ಹೆದರಿಕೆಗೆ ಜೈಲಿನವರು ಬಿಗಿ ಮಾಡುತ್ತಾರೆ, ಆ ಬಿಗಿಯೇ ಮುಂದೆ ಗಲ್ಲನ್ನು ತಪ್ಪಿಸುತ್ತದೆ. ಗಡಿಕಾವಲು ಹೇಳಿದ ಪರಪ್ಪನ ಅಗ್ರಹಾರದ ಚಿಂತೆಗೆ ಪ್ರತ್ಯೇಕ ಬ್ಯಾರಕ್, ಭೇಟಿಗಳ ದಾಖಲೆ, ಫೋನ್ ತಡೆ ಪರಿಹಾರವೇ ಹೊರತು ಒಂಟಿ ಕೋಣೆ ಅಲ್ಲ. ಅಲ್ಲದೆ ಗಲ್ಲು ವಿಧಿಸಿದರೂ ಅವನು ಹತ್ತಿಪ್ಪತ್ತು ವರ್ಷ ಅದೇ ಜೈಲಿನಲ್ಲೇ ಇರುತ್ತಾನೆ, ಅಪಾಯ ಹಾಗೇ ಇರುತ್ತದೆ.

---

ಕಡಲಾಚೆ:

ಯಾರೂ ಎತ್ತದ ಒಂದು ವಿಷಯ: ಗಡೀಪಾರು ಒಪ್ಪಂದ. 1962ರ ಗಡೀಪಾರು ಕಾಯ್ದೆಯ ಸೆಕ್ಷನ್ 34ಸಿ ಪ್ರಕಾರ, ಆರೋಪಿಯನ್ನು ಒಪ್ಪಿಸಿದ ದೇಶದಲ್ಲಿ ಆ ಅಪರಾಧಕ್ಕೆ ಗಲ್ಲು ಇಲ್ಲದಿದ್ದರೆ ಇಲ್ಲೂ ಜೀವಾವಧಿಯೇ. ಯುರೋಪಿನ ದೇಶಗಳು ಗಲ್ಲು ಇಲ್ಲವೆಂಬ ಮಾತು ಪಡೆಯದೆ ಯಾರನ್ನೂ ಕಳಿಸುವುದಿಲ್ಲ.

ಅಬು ಸಲೇಂನನ್ನು ಪೋರ್ಚುಗಲ್‌ನಿಂದ ತರಲು ಭಾರತ 2002ರ ಡಿಸೆಂಬರಿನಲ್ಲಿ ಎರಡು ಮಾತು ಕೊಟ್ಟಿತ್ತು: ಗಲ್ಲಿಲ್ಲ, 25 ವರ್ಷ ಮೀರಿದ ಸೆರೆಯೂ ಇಲ್ಲ. 1993ರ ಮುಂಬೈ ಸ್ಫೋಟದಲ್ಲಿ 257 ಜನ ಸತ್ತರು. ಅದೇ ಸಂಚಿನ ಎರಡನೇ ಹಂತದ ವಿಚಾರಣೆಯಲ್ಲಿ 2017ರಲ್ಲಿ ಇಬ್ಬರಿಗೆ ಗಲ್ಲಾದರೆ, ಸಲೇಂಗೆ ಜೀವಾವಧಿ. 25 ವರ್ಷ ತುಂಬಿದ ಮೇಲೆ ಬಿಡಲೇಬೇಕೆಂದು 2022ರ ಜುಲೈ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಲೆಕ್ಕ 2005ರ ಅಕ್ಟೋಬರ್ 12ರಿಂದ. ಅದೇ ಸ್ಫೋಟದ ಪ್ರಕರಣದಲ್ಲಿ ಯಾಕೂಬ್ ಮೆಮನ್ 2015ರ ಜುಲೈ 30ಕ್ಕೆ ನಾಗಪುರದಲ್ಲಿ ನೇಣಿಗೇರಿದ. ಹೊರದೇಶಕ್ಕೆ ಓಡಿಹೋದವನಿಗೆ ಇಲ್ಲೇ ಸಿಕ್ಕಿದವನಿಗಿಂತ ಹಗುರ ಶಿಕ್ಷೆ ಸಿಗುವ ಈ ಸ್ಥಿತಿಗೆ ಕಾರಣ ನಮ್ಮಲ್ಲಿ ಗಲ್ಲು ಇರುವುದೇ.

ಬದುಕಿರುವ ಅಪರಾಧಿಯಿಂದ ಸಿಗುವುದೂ ಇದೆ. 2008ರ ಮುಂಬೈ ದಾಳಿಯ ಸಂಚಿನಲ್ಲಿದ್ದ ಡೇವಿಡ್ ಹೆಡ್ಲಿ ಅಮೆರಿಕದಲ್ಲಿ ಗಲ್ಲಿಲ್ಲ ಎಂಬ ಷರತ್ತಿನ ಮೇಲೆ ತಪ್ಪೊಪ್ಪಿಕೊಂಡ, 2013ರ ಜನವರಿಯಲ್ಲಿ 35 ವರ್ಷ ಶಿಕ್ಷೆಯಾಯಿತು. 2016ರ ಫೆಬ್ರವರಿಯಲ್ಲಿ ಮುಂಬೈ ನ್ಯಾಯಾಲಯಕ್ಕೆ ವಿಡಿಯೊ ಮೂಲಕ ದಿನಗಟ್ಟಲೆ ಸಾಕ್ಷಿ ನುಡಿದ, ಲಷ್ಕರ್‌ನ ಹೆಸರುಗಳನ್ನು ಹೇಳಿದ. ನೇಣಿಗೇರಿದ ಕಸಬ್‌ನನ್ನು ಆ ವಿಚಾರಣೆಗೆ ಕರೆಯುವಂತಿರಲಿಲ್ಲ.

---

ಗಡಿಕಾವಲು:

ಜೀವಂತ ಉಳಿದರೆ ಒತ್ತೆಯಾಳು ವಿನಿಮಯಕ್ಕೂ ಸಿಗುತ್ತಾರೆ, 1999ರ ಕಂದಹಾರ್ ವಿಮಾನ ಅಪಹರಣ ಮರೆಯಬೇಡಿ.

---

ಕಡಲಾಚೆ:

ಪ್ರಯಾಣಿಕರ ಬದಲಿಗೆ ಬಿಡಲು ಕಂದಹಾರ್‌ಗೆ ಕರೆದೊಯ್ದ ಮೂವರಲ್ಲಿ ಯಾರಿಗೂ ಗಲ್ಲು ಶಿಕ್ಷೆ ಆಗಿರಲಿಲ್ಲ. ಮಸೂದ್ ಅಜರ್ 1994ರಿಂದ ಒಳಗಿದ್ದ. ಐದು ವರ್ಷದಲ್ಲಿ ಅವನ ಮೇಲಿನ ಪ್ರಕರಣ ಎಷ್ಟು ಮುಂದೆ ಹೋಗಿತ್ತು ಎಂದು ಕೇಳಿ. ಕಾಯ್ದೆಯಲ್ಲಿ ಗಲ್ಲು ಇದ್ದದ್ದರಿಂದ ಆ ವಿನಿಮಯ ನಿಲ್ಲಲಿಲ್ಲ.

---

ಸೆಷನ್ಸ್_ಸಾಲು:

ಬಿಳಿಗಿರಿ_ಓದು ಅವರಿಗೆ: ಮೂಲ ತೀರ್ಪುಗಳನ್ನು ಓದುವುದಾದರೆ ಶತ್ರುಘ್ನ ಚೌಹಾಣ್ (2014), ಆಮೇಲೆ ಸ್ವಾಮಿ ಶ್ರದ್ಧಾನಂದ (2008), ಕೊನೆಗೆ ಶ್ರೀಹರನ್ (2015), ಈ ಕ್ರಮದಲ್ಲಿ ಓದಿ. ಮೊದಲನೆಯದರಲ್ಲಿ ಪ್ರತಿ ಕೈದಿಯ ಅರ್ಜಿ ಯಾವ ತಾರೀಖಿಗೆ ಯಾವ ಮೇಜಿನ ಮೇಲಿತ್ತು ಎಂಬ ವಿವರವಿದೆ. ಪಾಲಾರ್‌ನ ನಾಲ್ವರದ್ದನ್ನು ಅಲ್ಲೇ ಪ್ರತ್ಯೇಕವಾಗಿ ಕೊಟ್ಟಿದ್ದಾರೆ.